ಪ್ರಾಯಸ್ಥರಿಗೆ ಪಾಠಶಾಲೆ ಕಟ್ಟಿದ ರೋಸೆನ್‌ಜ್ವೈಗ್

ಧರ್ಮದ ಪಾಠ ಚಿಕ್ಕಂದಿನಲ್ಲೇ ಆಗಬೇಕು, ಸಂಸಾರ ಹೂಡಿದ ಮೇಲೆ ಪುಸ್ತಕ ಹಿಡಿದು ಫಲವೇನು ಎನ್ನುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಅವರಿಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟವರು ಜರ್ಮನಿಯ ಯಹೂದಿ ತತ್ವಜ್ಞಾನಿ ಫ್ರಾಂಜ್ ರೋಸೆನ್‌ಜ್ವೈಗ್.

ಇವರು 1886ರಲ್ಲಿ ಕಾಸೆಲ್ ನಗರದ ಅನುಕೂಲಸ್ಥ ಮನೆಯಲ್ಲಿ ಜನಿಸಿದರು. ಹೆಗೆಲ್‌ನ ತತ್ವಶಾಸ್ತ್ರದಲ್ಲಿ ಪಾಂಡಿತ್ಯವಿತ್ತು. ಸ್ವಂತ ಧರ್ಮದ ಪರಿಚಯ ಕಡಿಮೆಯಿತ್ತು. 1913ರಲ್ಲಿ ಕ್ರೈಸ್ತ ಧರ್ಮ ಸೇರಲು ಹೊರಟವರು ಮನಸ್ಸು ಬದಲಿಸಿ, 26ರ ಪ್ರಾಯದಲ್ಲಿ ತಮ್ಮ ಧರ್ಮಗ್ರಂಥಗಳನ್ನು ಕಲಿಯಲು ಕುಳಿತರು.

ಮುಂದೆ ವಿಶ್ವವಿದ್ಯಾಲಯದ ಹುದ್ದೆಯ ದಾರಿ ಬಿಟ್ಟು, 1920ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ವಯಸ್ಕರಿಗಾಗಿ 'ಲೇರ್‌ಹೌಸ್' ಎಂಬ ಕಲಿಕೆಯ ಮನೆ ತೆರೆದರು. ಹೀಬ್ರೂ ಭಾಷೆ, ಧರ್ಮಗ್ರಂಥ, ತತ್ವಶಾಸ್ತ್ರ ಅಲ್ಲಿನ ವಿಷಯಗಳು. ರಬ್ಬಿಗಳ ಜೊತೆಗೆ ವೈದ್ಯರು, ರಸಾಯನ ವಿಜ್ಞಾನಿಗಳೂ ಪಾಠ ನಡೆಸಿದರು. ಕಲಿಸುವವನೂ ಕಲಿಯುವವನೇ ಎಂಬುದು ಅಲ್ಲಿನ ನಿಯಮ. ಪ್ರಶ್ನೆ ಕೇಳಲು ಯಾರೂ ನಾಚಬೇಕಾಗಿರಲಿಲ್ಲ. ವಿದ್ಯಾರ್ಥಿಗಳ ಸಂಖ್ಯೆ ಒಂದು ಹಂತದಲ್ಲಿ 1,000 ದಾಟಿತು.

1922ರಲ್ಲಿ ಪಾರ್ಶ್ವವಾಯುವಿನಂಥ ಗುಣವಾಗದ ನರರೋಗ ತಗುಲಿತು. ಕೈ ನಿಂತಿತು, ಮಾತೂ ನಿಂತಿತು. ಪತ್ನಿ ಈಡಿತ್ ಅವರ ಸನ್ನೆಯಿಂದ ಒಂದೊಂದೇ ಅಕ್ಷರ ಗುರುತಿಸಿ ಬರೆದುಕೊಂಡರು. ಹೀಗೆಯೇ 1925ರಿಂದ ಮಾರ್ಟಿನ್ ಬೂಬರ್ ಜೊತೆ ಹೀಬ್ರೂ ಬೈಬಲನ್ನು ಜರ್ಮನ್ ಭಾಷೆಗೆ ತರುವ ಕೆಲಸ ಸಾಗಿತು. 1929ರ ಡಿಸೆಂಬರ್ 10ರಂದು, 42ನೇ ಪ್ರಾಯದಲ್ಲಿ, ನಿಧನರಾದರು.

ನಿಂತುಹೋಗಿದ್ದ ಲೇರ್‌ಹೌಸನ್ನು ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಬೂಬರ್ ಮತ್ತೆ ತೆರೆದರು. 1938ರಲ್ಲಿ ನಾಝಿ ಆಡಳಿತ ಅದನ್ನು ಮುಚ್ಚಿಸಿತು. ಆದರೂ ಎಲ್ಲ ಬಾಗಿಲುಗಳೂ ಮುಚ್ಚುತ್ತಿದ್ದ ಆ ವರ್ಷಗಳಲ್ಲಿ, ತಾವು ಯಾರೆಂದು ತಿಳಿಯಲು ಆ ಜನರಿಗೆ ಒಂದು ತರಗತಿಯಿತ್ತು. ತಡವಾಗಿ ಕಲಿಯಲು ಕುಳಿತ ಒಬ್ಬ ಮನುಷ್ಯ ಬಿಟ್ಟುಹೋದ ಆಸ್ತಿ ಅದು.