ಊರಿನ ಹೈಸ್ಕೂಲು, ಊರವರ ಕೊಡುಗೆ

ಹಾಸನ ಜಿಲ್ಲೆಯ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಸ್ವಲ್ಪ ದೊಡ್ಡ ಊರು ಎನ್ನಿಸಿಕೊಂಡ ಕಡೆಯೆಲ್ಲ ಸಾಮಾನ್ಯವಾಗಿ ಒಂದು ಸರ್ಕಾರಿ ಪ್ರೌಢಶಾಲೆ ಇರುತ್ತದೆ. ಜನರ ಬಾಯಲ್ಲಿ ಅದು ಹೈಸ್ಕೂಲು. ಸುತ್ತಲಿನ ಹಳ್ಳಿಗಳಲ್ಲಿ 7ನೇ ತರಗತಿ ಮುಗಿಸಿದ ಮಕ್ಕಳು ಅಲ್ಲಿಗೆ ಬಂದು 8, 9, 10ನೇ ತರಗತಿ ಓದಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯುತ್ತಾರೆ. ಮೇಷ್ಟ್ರ ಸಂಬಳ, ಪಠ್ಯಪುಸ್ತಕ, ಮಧ್ಯಾಹ್ನದ ಬಿಸಿಯೂಟ ಸರ್ಕಾರದ ಖರ್ಚು. ಆದರೆ ಶಾಲೆ ನಿಂತಿರುವ ಜಾಗ, ಹಿಂದಿನ ಸಾಲಿನ ಕೊಠಡಿ, ಬಯಲು ರಂಗಮಂದಿರ, ಗೇಟು ಇವುಗಳಲ್ಲಿ ಎಷ್ಟೋ ಊರವರು ಕೊಟ್ಟವು. ಹೊರದೇಶದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳ ಅಜ್ಜ ಅಜ್ಜಿಯರಲ್ಲಿ ಅನೇಕರು ಓದಿದ್ದು ಇಂಥ ಶಾಲೆಗಳಲ್ಲೇ.

ಊರವರು ಶಾಲೆಗೆ ಕೊಡುವ ರೂಢಿ ಹಳೆಯದು. ಪಾಠ ಹೇಳುವವರ ಜೀವನಕ್ಕೆಂದು ಜಮೀನು ಬಿಟ್ಟುಕೊಟ್ಟ ಸಂಗತಿ ಕನ್ನಡ ನಾಡಿನ ಶಾಸನಗಳಲ್ಲಿ ಸಿಗುತ್ತದೆ; ವಿದ್ಯಾದಾನ ಅನ್ನದಾನದಷ್ಟೇ ದೊಡ್ಡದು ಎಂಬ ಭಾವನೆಯೂ ಹಳೆಯದೇ. ಇಂದಿನ ಮಾದರಿಯ ಶಾಲೆಗಳು ಹಳ್ಳಿಗಾಡಿಗೆ ಬಂದದ್ದು 1868ರ ನಂತರ. ಆಗ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ಹೋಬಳಿಗೊಂದು ಶಾಲೆ ತೆರೆಯುವ ಯೋಜನೆ ರೂಪಿಸಿದರು. ಮೇಷ್ಟ್ರ ಸಂಬಳ ಸರ್ಕಾರ ಕೊಡುವುದು, ಪಾಠಕ್ಕೆ ಮನೆ ಊರವರು ಒದಗಿಸುವುದು, ಇದು ಅಂದಿನ ಏರ್ಪಾಡು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ ಪುಸ್ತಕವಾಗಿ ಪ್ರಕಟಿಸಿದವರೂ ಇದೇ ರೈಸ್. ದಾನ ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಓದಿದವರೇ ಶಾಲೆಗೆ ಊರವರ ಕೈ ಜೋಡಿಸುವ ದಾರಿ ಮಾಡಿದರೆಂಬುದು ಸೊಗಸಾದ ಸಂಗತಿ.

ಹಳೆಯ ಶಾಲೆಗಳ ಕಟ್ಟಡವೆಂದರೆ ದಪ್ಪ ಗೋಡೆ, ಎತ್ತರದ ಕಿಟಕಿ, ಮೇಲೆ ಮಂಗಳೂರು ಹೆಂಚು. ಈ ಮಾಡು ಜಾಣತನದ್ದು: ಬೇಸಿಗೆಯಲ್ಲಿ ತಂಪು, ಒಡೆದ ಹೆಂಚೊಂದನ್ನೇ ತೆಗೆದು ಬೇರೆಯದು ಕೂರಿಸಬಹುದು. ಆದರೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಬ್ಬರು ಮೇಲೆ ಹತ್ತಿ ನೋಡಲೇಬೇಕು. ಕೋತಿ ಓಡಾಡಿ ಹೆಂಚು ಸರಿದಿರುತ್ತದೆ, ಒಣಗಿದ ಕೊಂಬೆ ಬಿದ್ದು ಒಡೆದಿರುತ್ತದೆ. ಅದನ್ನು ಹಾಗೇ ಬಿಟ್ಟರೆ ನೀರು ರೀಪಿಗೆ ಇಳಿಯುತ್ತದೆ, ರೀಪು ಕೊಳೆತರೆ ತೊಲೆಗೆ ಗೆದ್ದಲು ಹತ್ತುತ್ತದೆ, ಕೊನೆಗೆ ಗೋಡೆಯ ಗಾರೆ ಉದುರಿ ಇಡೀ ಕೊಠಡಿಗೆ ಬೀಗ ಬೀಳುತ್ತದೆ. ನಾಲ್ಕಾರು ಹೆಂಚಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಲಕ್ಷಗಳ ಲೆಕ್ಕಕ್ಕೆ ಹೋಗುವುದು ಹೀಗೆ. ಮಲೆನಾಡಿನ ಸೆರಗಿನಲ್ಲಿರುವ ಅರಕಲಗೂಡಿನ ಕಡೆ ಮಳೆ ಹೆಚ್ಚು. ಬಯಲು ಸೀಮೆಯ ಚನ್ನರಾಯಪಟ್ಟಣದ ಕಡೆ ಕಡಿಮೆ. ಆದ್ದರಿಂದ ಒಂದೇ ವಯಸ್ಸಿನ ಎರಡು ಕಟ್ಟಡಗಳು ಒಂದೇ ರೀತಿ ಹಳತಾಗುವುದಿಲ್ಲ. ಆಮೇಲೆ ಬಂದ ತಾರಸಿ ಕಟ್ಟಡಗಳಿಗೂ ರೋಗ ತಪ್ಪಿಲ್ಲ. ನೀರು ನಿಂತು ಒಳಗಿನ ಕಬ್ಬಿಣ ತುಕ್ಕು ಹಿಡಿದರೆ ಚಾವಣಿಯ ಸಿಮೆಂಟು ಚಕ್ಕೆಚಕ್ಕೆಯಾಗಿ ಬೀಳುತ್ತದೆ.

ದುರಸ್ತಿಯ ಜೊತೆಗೆ ವಿಸ್ತರಣೆಯ ಅಗತ್ಯವೂ ಬರುತ್ತದೆ. ಅನೇಕ ಹಳೆಯ ಹೈಸ್ಕೂಲುಗಳ ಆವರಣದಲ್ಲೇ ಮುಂದೆ ಪಿಯು ಕಾಲೇಜು ಸೇರಿಕೊಂಡಿತು. 2006-07ರಿಂದ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ದೂರದ ಹಳ್ಳಿಯ ಹುಡುಗಿಯರಿಗೂ ಹೈಸ್ಕೂಲು ಹತ್ತಿರವಾಯಿತು. ಪ್ರಯೋಗಾಲಯ, ಗ್ರಂಥಾಲಯ, ಕಂಪ್ಯೂಟರ್ ಕೊಠಡಿ, ಬಿಸಿಯೂಟದ ಅಡುಗೆಮನೆ, ಹೆಣ್ಣುಮಕ್ಕಳ ಶೌಚಾಲಯ, ಇವುಗಳಲ್ಲಿ ಎಷ್ಟೋ ಹಳೆಯ ಶಾಲೆಗಳ ಮೊದಲ ನಕ್ಷೆಯಲ್ಲಿ ಇರಲಿಲ್ಲ.

ಕೊಡುಗೆ ಶಾಲೆಗೆ ತಲುಪುವ ದಾರಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯದು. ಎಲ್ಲರೂ ಎಸ್‌ಡಿಎಂಸಿ ಎನ್ನುತ್ತಾರೆ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಇವು ಹುಟ್ಟಿದವು. ಮಕ್ಕಳ ತಂದೆತಾಯಿಯರೇ ಇದರ ಬಲ. ಶಾಸಕರ ಅನುದಾನ, ಕಾಂಪೌಂಡಿಗೆ ಉದ್ಯೋಗ ಖಾತ್ರಿ ಯೋಜನೆಯ ನೆರವು, ಕಂಪನಿಗಳು ಸಮಾಜಕ್ಕೆಂದು ತೆಗೆದಿಡುವ ಹಣ, ಹಳೆಯ ವಿದ್ಯಾರ್ಥಿಗಳ ಸಂಘದ ಚಂದಾ, ಇವನ್ನೆಲ್ಲ ಕೂಡಿಸಿಕೊಂಡೇ ಕೆಲಸ ಮುಗಿಯುತ್ತದೆ. ಹಣವಿಲ್ಲದವರು ಶ್ರಮದಾನ ಮಾಡುತ್ತಾರೆ. ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು ಆಟದ ಮೈದಾನದ ಹಳ್ಳ ಮುಚ್ಚಿಕೊಡುವುದೂ ಕೊಡುಗೆಯೇ.

ಕೊಟ್ಟವರ ಗುರುತು ಶಾಲೆಯ ತುಂಬ ಕಾಣುತ್ತದೆ. ಫ್ಯಾನಿನ ರೆಕ್ಕೆಯ ಮೇಲೆ, ಬೀರುವಿನ ಬಾಗಿಲಲ್ಲಿ, ಡೆಸ್ಕಿನ ಪಕ್ಕದಲ್ಲಿ ಬಣ್ಣದಲ್ಲಿ ಬರೆದ ಹೆಸರು. ಕೆಳಗೆ ‘ಇವರ ಜ್ಞಾಪಕಾರ್ಥ’ ಎಂದು ತೀರಿಹೋದ ತಂದೆಯದೋ ತಾಯಿಯದೋ ಹೆಸರು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ತೆಗೆದವರಿಗೆ ದತ್ತಿ ಬಹುಮಾನ ಇಡುವವರೂ ಇದ್ದಾರೆ. ಇವೆಲ್ಲಕ್ಕಿಂತ ದೊಡ್ಡದು ಜಾಗದ ದಾನ. ಅದರಲ್ಲಿ ಒಂದು ಎಚ್ಚರ ಬೇಕು: ಬಾಯಿಮಾತಿನಲ್ಲಿ ಕೊಟ್ಟ ಜಮೀನು ಶಾಲೆಯ ಹೆಸರಿಗೆ ನೋಂದಣಿಯಾಗಿ ಖಾತೆಯಾಗದಿದ್ದರೆ ಮೊಮ್ಮಕ್ಕಳ ಕಾಲಕ್ಕೆ ತಕರಾರು ಏಳುತ್ತದೆ, ಹೊಸ ಕೊಠಡಿಗೆ ಮಂಜೂರಾತಿಯೂ ಸಿಗುವುದು ಕಷ್ಟ.

ಕಟ್ಟಡದಿಂದಲೇ ಓದು ಬರುವುದಿಲ್ಲ. 2019ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹಾಸನ ಜಿಲ್ಲೆ ಶೇ. 89.33 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲನೆಯದಾಯಿತು. ಅದರ ಶ್ರೇಯ ಮೊದಲು ಮಕ್ಕಳಿಗೆ, ಮೇಷ್ಟ್ರುಗಳಿಗೆ. ಆದರೆ ಸಂಜೆಯ ವಿಶೇಷ ತರಗತಿಗೆ ಸೋರದ ಕೊಠಡಿಯೂ ದೀಪವೂ ಬೇಕೇ ಬೇಕು.

ಕೊಡಲು ಶ್ರೀಮಂತರೇ ಆಗಬೇಕಿಲ್ಲ. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದ, ತಾವೇ ಶಾಲೆಯ ಮುಖ ಕಾಣದ ಹರೇಕಳ ಹಾಜಬ್ಬ, ದುಡಿದು ಉಳಿಸಿದ ಕಾಸಿನಿಂದ ತಮ್ಮೂರು ನ್ಯೂಪಡ್ಪುವಿಗೆ ಶಾಲೆ ತಂದರು. ಅದು ಬೆಳೆದು ಹೈಸ್ಕೂಲೂ ಆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು.

ಹೊರದೇಶದಿಂದಲೂ ಈ ಕೆಲಸ ನಡೆದಿದೆ. ಅಮೆರಿಕದಲ್ಲಿ 2003ರಲ್ಲಿ ಆರಂಭವಾದ ಒಸಾಟ್ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಶಿಥಿಲವಾದ ಸರ್ಕಾರಿ ಶಾಲೆಗಳಿಗೆ ಹೊಸ ಕಟ್ಟಡ ಕಟ್ಟಿಕೊಡುತ್ತ ಬಂದಿದೆ. ವಿದೇಶಿ ಪೌರತ್ವ ಪಡೆದವರ ಹಣಕ್ಕೆ ಭಾರತದಲ್ಲಿ 2010ರ ವಿದೇಶಿ ವಂತಿಗೆ ಕಾಯ್ದೆ ಅನ್ವಯಿಸುವುದರಿಂದ, ಅದರಡಿ ನೋಂದಣಿಯಾದ ಸಂಸ್ಥೆಯ ಮೂಲಕವೇ ಕೊಡುವುದು ಕ್ಷೇಮ. ಭಾರತದ ಪ್ರತಿ ಶಾಲೆಗೂ ಅದನ್ನು ಗುರುತಿಸುವ 11 ಅಂಕಿಯ ಯುಡೈಸ್ ಸಂಖ್ಯೆ ಇದೆ. ಅಜ್ಜ ಅಜ್ಜಿ ಓದಿದ ಹೈಸ್ಕೂಲು ಯಾವುದೆಂದು ಕೇಳಿ ತಿಳಿದು, ಅದರ ಸಂಖ್ಯೆ ಹುಡುಕಿ, ಅಲ್ಲಿನ ಮುಖ್ಯೋಪಾಧ್ಯಾಯರಿಗೆ ಹೊರದೇಶದ ಕನ್ನಡ ಕೂಟಗಳ ಮಕ್ಕಳು ಕನ್ನಡದಲ್ಲೇ ಒಂದು ಪತ್ರ ಬರೆಯಲಿ. ಶಾಲೆಗೆ ಈಗ ಏನು ಬೇಕಾಗಿದೆ ಎಂದು ಹಣ ಸೇರಿಸುವ ಮೊದಲೇ ಅದರಲ್ಲಿ ಕೇಳಲಿ.