ಮೂಸಿಯ ದಡದಲ್ಲಿ ವಿಶ್ವೇಶ್ವರಯ್ಯನವರು

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಕನ್ನಂಬಾಡಿಯ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮೈಸೂರು ವಿಶ್ವವಿದ್ಯಾನಿಲಯ ಇವುಗಳ ಮಾತು ಬಂದಾಗಲೆಲ್ಲ ನಾವು ಅವರನ್ನು ನೆನೆಯುತ್ತೇವೆ. ಆದರೆ ಮೈಸೂರು ಸಂಸ್ಥಾನವು ಅವರ ಸೇವೆಯನ್ನು ಪಡೆಯುವುದಕ್ಕೂ ಮೊದಲೇ, ನಾವಿಂದು ಬದುಕು ಕಟ್ಟಿಕೊಂಡಿರುವ ಈ ಹೈದರಾಬಾದು ನಗರವು ಅವರನ್ನು ಕರೆಸಿಕೊಂಡಿತ್ತು ಎಂಬುದನ್ನು ಬಲ್ಲವರು ನಮ್ಮಲ್ಲಿಯೂ ವಿರಳ. ರಾಜ್ಯೋತ್ಸವದ ಈ ಶುಭಸಂದರ್ಭದಲ್ಲಿ ಆ ಮಹನೀಯರ ಜೀವನದ ಆ ಅಧ್ಯಾಯವನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಚಿಕ್ಕ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನು ಬೆಂಗಳೂರಿಗೆ ಬಂದು, ಮನೆಪಾಠ ಹೇಳಿ ತನ್ನ ಖರ್ಚನ್ನು ತಾನೇ ನೋಡಿಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದನು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದನು. ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ನೀರು ಒದಗಿಸಿದ್ದು, ಪುಣೆಯ ಬಳಿ ಖಡಕ್‌ವಾಸ್ಲಾ ಕಟ್ಟೆಗೆ ತಾನಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು ಯೋಜಿಸಿದ್ದು, 1906ರಲ್ಲಿ ಏಡನ್ ಬಂದರಿಗೆ ಹೋಗಿ ನೀರು ಮತ್ತು ಒಳಚರಂಡಿಯ ಸಲಹೆ ಕೊಟ್ಟಿದ್ದು, ಇವೆಲ್ಲವೂ ಆ ಕಾಲದ ಕೆಲಸಗಳು. 1908ರಲ್ಲಿ ಅವರು ಮುಂಬಯಿಯ ಸೇವೆಯಿಂದ ತಾವಾಗಿ ನಿವೃತ್ತರಾಗಿ ವಿದೇಶ ಪ್ರವಾಸ ಕೈಗೊಂಡರು.

ಅದೇ ವರ್ಷದ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೇಲೆ ಮೂಸಿ ನದಿ ಹರಿದುಬಂದಿತು. ಕೆಲವೇ ಗಂಟೆಗಳಲ್ಲಿ ಅಫ್ಜಲ್‌ಗಂಜ್ ಮತ್ತು ಚಾದರ್‌ಘಾಟ್ ಕಡೆಯ ಸೇತುವೆಗಳು ಕೊಚ್ಚಿಹೋದವು. ನಗರದ ನಡುಭಾಗವೇ ಮಣ್ಣುಗುಡ್ಡೆಯಾಯಿತು. ಸತ್ತವರ ಸಂಖ್ಯೆ ಸುಮಾರು 15,000 ಎಂದು ಹೇಳುವುದುಂಟು. ಬಿದ್ದ ಮನೆಗಳು ಸಾವಿರಾರು. ಈಗ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಿಸೆಯ ಮರವನ್ನು ಏರಿ ನೂರೈವತ್ತು ಮಂದಿ ಜೀವ ಉಳಿಸಿಕೊಂಡರೆಂದು ಊರಿನವರು ಇಂದಿಗೂ ತೋರಿಸುತ್ತಾರೆ.

ಆಗ ಆಳುತ್ತಿದ್ದವರು ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರು. ಅವರ ಸರ್ಕಾರವು ವಿದೇಶದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ಕರೆ ಕಳುಹಿಸಿತು. ಒಪ್ಪಿಸಿದ ಕೆಲಸಗಳು ಮೂರು: ಹಾಳಾದ ನಗರವನ್ನು ಮತ್ತೆ ಕಟ್ಟಲು ಸಲಹೆ ಕೊಡುವುದು, ಮುಂದೆ ಪ್ರವಾಹ ಬಾರದಂತೆ ಉಪಾಯ ಹೇಳುವುದು, ಇಡೀ ನಗರಕ್ಕೆ ಒಳಚರಂಡಿಯ ಯೋಜನೆ ತಯಾರಿಸುವುದು. 1909ರ ಏಪ್ರಿಲ್ ತಿಂಗಳಲ್ಲಿ ಅವರು ಇಲ್ಲಿಗೆ ಬಂದರು.

ಬಂದವರು ಮೊದಲು ನೋಡಿದ್ದು ಬಿದ್ದ ಬಜಾರುಗಳನ್ನಲ್ಲ, ನಗರದ ಮೇಲ್ಗಡೆಯ ನೆಲವನ್ನು. ಮಳೆಯ ಲೆಕ್ಕವನ್ನು ತರಿಸಿಕೊಂಡರು. ನದಿಗೆ ನೀರು ಬರುವ ಪ್ರದೇಶವನ್ನು ಅಳೆಯಿಸಿದರು. ಆ ಪ್ರದೇಶದಲ್ಲಿ 788 ಕೆರೆಗಳಿದ್ದು, ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಡೆದಿದ್ದವೆಂದು ತಿಳಿದುಬಂದಿತು. ಒಂದು ಕೆರೆ ಒಡೆದು, ಆ ನೀರು ಕೆಳಗಿನ ಕೆರೆಯನ್ನು ಒಡೆದು, ಹೀಗೆ ಸಾಲಾಗಿ ಸೇರಿದ ನೀರು ಊರಿನ ಇಕ್ಕಟ್ಟಾದ ನದಿಪಾತ್ರಕ್ಕೆ ನುಗ್ಗಿತ್ತು. ಕ್ಷಣವೊಂದಕ್ಕೆ ನಾಲ್ಕು ಲಕ್ಷ ಘನ ಅಡಿಗೂ ಮಿಕ್ಕ ಆ ಪ್ರವಾಹವನ್ನು ದಡದ ಗೋಡೆ ಎತ್ತರಿಸಿ ತಡೆಯುವುದು ಆಗದ ಮಾತು. ಆದುದರಿಂದ ನಗರಕ್ಕೆ ಕೆಲವು ಮೈಲಿ ಮೇಲಕ್ಕೆ, ಮೂಸಿಗೆ ಒಂದು, ಅದರ ಉಪನದಿಯಾದ ಈಸಿಗೆ ಇನ್ನೊಂದು ಕಟ್ಟೆ ಕಟ್ಟಿ, ಹೆಚ್ಚಿದ ನೀರನ್ನು ಅಲ್ಲಿಯೇ ಹಿಡಿದು, ನದಿ ತಾಳುವಷ್ಟನ್ನು ಮಾತ್ರ ಬಿಡಬೇಕೆಂದು ಅವರು ಸೂಚಿಸಿದರು. 1909ರ ಅಕ್ಟೋಬರ್ 1ರಂದು ಕೊಟ್ಟ ವರದಿಯ ತಿರುಳು ಇದೇ. ಮುಂದಿನ ತಿಂಗಳು ಅವರು ಮೈಸೂರಿನ ಮುಖ್ಯ ಎಂಜಿನಿಯರರಾಗಿ ಹೊರಟುಹೋದರು.

ನಂತರದ ಕಥೆ ವಾಚಕರಿಗೆ ತಿಳಿದದ್ದೇ. 1911ರಲ್ಲಿ ಕನ್ನಂಬಾಡಿಯ ಕೆಲಸ ಮೊದಲಾಯಿತು. 1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿದವು. ಆ ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ಪರಿಷತ್ತು ಇಂದಿಗೂ ನಮ್ಮ ಭಾಷೆಯ ಮನೆಯಾಗಿದೆ.

ಇತ್ತ ಹೈದರಾಬಾದಿನಲ್ಲಿ ಮೀರ್ ಉಸ್ಮಾನ್ ಅಲಿ ಖಾನರು ಪಟ್ಟಕ್ಕೆ ಬಂದ ಮೇಲೆ, 1912ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ಮೂಸಿಯ ಮೇಲಿನ ಉಸ್ಮಾನ್ ಸಾಗರವು, ಅಂದರೆ ನಾವು ಗಂಡಿಪೇಟೆಯೆಂದು ಕರೆಯುವ ಜಲಾಶಯವು, 1920ರಲ್ಲಿ ಮುಗಿಯಿತು. ಈಸಿಯ ಮೇಲಿನ ಹಿಮಾಯತ್ ಸಾಗರವು 1927ರಲ್ಲಿ. ದಕ್ಷಿಣ ದಡದಲ್ಲಿ ಉಚ್ಚ ನ್ಯಾಯಾಲಯದ ಭವನ, ಉತ್ತರ ದಡದಲ್ಲಿ ಉಸ್ಮಾನಿಯಾ ಆಸ್ಪತ್ರೆ ಎದ್ದವು. ಚಾರ್‌ಮಿನಾರಿಗೆ ಹೋಗುವ ಪತ್ಥರ್‌ಗಟ್ಟಿಯ ದಾರಿಯನ್ನು ಅಗಲಗೊಳಿಸಿ, ಎರಡು ಬದಿಯಲ್ಲಿಯೂ ಕಲ್ಲಿನ ಕಮಾನುಗಳ ಅಂಗಡಿಸಾಲು ಕಟ್ಟಿದರು. ಮೊಅಜ್ಜಂ ಜಾಹಿ ಮಾರುಕಟ್ಟೆಯೂ ಆ ಮಂಡಳಿಯ ಕಾಲದ್ದೇ. ಇವೆಲ್ಲವನ್ನೂ ವಿಶ್ವೇಶ್ವರಯ್ಯನವರೇ ಕಟ್ಟಿಸಿದರೆಂದು ಹೇಳುವುದು ಸರಿಯಲ್ಲ; ಕಟ್ಟಿದವರು ಬೇರೆ ಎಂಜಿನಿಯರರು, ಶಿಲ್ಪಿಗಳು, ಕೂಲಿಕಾರರು. ಆದರೆ ನದಿಯ ದಡದಲ್ಲಿ ಧೈರ್ಯವಾಗಿ ಕಲ್ಲಿಟ್ಟು ಕಟ್ಟಲು ಸಾಧ್ಯವಾದದ್ದು, ಮೇಲ್ಗಡೆ ನೀರನ್ನು ಹಿಡಿಯುವ ದಾರಿ ಕಂಡಿದ್ದರಿಂದ.

ಈ ಸುಧಾರಣೆಯು ಸುಲಭವಾಗಿ ಆಗಲಿಲ್ಲ. ಹಳೆಯ ಊರಿನ ನಡುವೆ ಹೊಸದನ್ನು ಕಟ್ಟಬೇಕಾದರೆ ಮೊದಲು ಇದ್ದದ್ದನ್ನು ಕೆಡವಬೇಕು. ಕೆಡವಿದ ಮನೆಗಳಲ್ಲಿ ಇದ್ದವರು ಬಡವರು. ಅವರ ಗಿರಾಕಿಗಳು, ಅವರ ಕೂಲಿ, ಅವರ ಮಸೀದಿ ದೇವಾಲಯಗಳು ಎಲ್ಲವೂ ಅಲ್ಲಿಯೇ. ಮಂಡಳಿಯು ನಾಂಪಲ್ಲಿ ಮೊದಲಾದ ಕಡೆ ಕೊಳೆಗೇರಿಗಳನ್ನು ತೆಗೆದು, ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಿಸಿತು. ಇದು ಅದರ ದೊಡ್ಡ ಕೀರ್ತಿ. ಆದರೂ ಇಕ್ಕಟ್ಟಾದ ಓಣಿಯ ಬಾಡಿಗೆಗೂ ಅಗಲವಾದ ಬೀದಿಯ ಬಾಡಿಗೆಗೂ ಇರುವ ಅಂತರವನ್ನು ಯಾವ ಸಂಸಾರಸ್ಥನೂ ಬಲ್ಲ.

ಇನ್ನೊಂದು ತೊಂದರೆ ಹಣದ್ದು. ಕಣ್ಣಿಗೆ ಕಾಣುವ ಭವನಕ್ಕೆ ಹಣ ಹುಟ್ಟುವಷ್ಟು ಬೇಗ ನೆಲದೊಳಗಿನ ಕೊಳವೆಗೆ ಹುಟ್ಟುವುದಿಲ್ಲ. ಒಳಚರಂಡಿಯ ಕೆಲಸಕ್ಕಾಗಿ 1922ರಲ್ಲಿ ವಿಶ್ವೇಶ್ವರಯ್ಯನವರನ್ನು ಮತ್ತೆ ಕರೆಸಬೇಕಾಯಿತು. ಕೊಳೆನೀರು ತೆರೆದ ಮೋರಿಗಳಲ್ಲಿ ಹರಿದು ನದಿಯನ್ನು ಸೇರುತ್ತಿದ್ದ ಕಾಲವದು. ಅದನ್ನು ದಡಗಳಗುಂಟ ದೊಡ್ಡ ಕೊಳವೆಗಳಲ್ಲಿ ಹಿಡಿದು ಊರಿನ ಕೆಳಗಡೆಗೆ ಸಾಗಿಸುವುದು ಯೋಜನೆ. ವಾಣಿಜ್ಯ ಶಾಸ್ತ್ರ ಓದಿ ಬ್ಯಾಂಕಿನ ಲೆಕ್ಕಪುಸ್ತಕಗಳ ನಡುವೆ ದಿನ ಕಳೆಯುವ ನನ್ನಂಥವನಿಗೆ ಇದರಲ್ಲಿ ಒಂದು ಪಾಠ ಕಾಣುತ್ತದೆ. ಅಂಗಡಿಸಾಲಿನ ಬಾಡಿಗೆ ಜಮಾ ಆಗುವುದು ಪುಸ್ತಕದಲ್ಲಿ ಕಾಣುತ್ತದೆ. ಬಾರದೆ ಹೋದ ಪ್ರವಾಹವಾಗಲಿ, ಹರಡದೆ ಹೋದ ಕಾಲರಾ ಬೇನೆಯಾಗಲಿ ಯಾವ ಪುಸ್ತಕದಲ್ಲಿಯೂ ಜಮಾ ಆಗುವುದಿಲ್ಲ. ಆದರೂ ನಿಜವಾದ ಲಾಭ ಅದೇ.

ಇಂದು ಹೈದರಾಬಾದಿನ ಕುಡಿಯುವ ನೀರಿನ ಬಹುಪಾಲು ಕೃಷ್ಣಾ, ಗೋದಾವರಿ ಮತ್ತು ನಮ್ಮ ಬೀದರಿನ ನೆಲ ಮುಟ್ಟಿ ಬರುವ ಮಂಜೀರಾ ನದಿಗಳಿಂದ ಬರುತ್ತದೆ. ಮೂಸಿಯಾದರೋ ಕೊಳೆನೀರಿನ ಕಾಲುವೆಯಂತಾಗಿದೆ. ಎರಡು ಜಲಾಶಯಗಳ ಸುತ್ತ ಹತ್ತು ಕಿಲೋಮೀಟರು ದೂರದವರೆಗೆ ಕಟ್ಟಡಗಳಿಗೆ ಮಿತಿ ಹಾಕಿದ 1996ರ ಸರ್ಕಾರಿ ಆದೇಶವನ್ನು 2022ರಲ್ಲಿ ಸಡಿಲಿಸಲಾಯಿತು. ನದಿಯ ದಡವನ್ನು ಮತ್ತೆ ಸುಂದರಗೊಳಿಸುವ ಯೋಜನೆಗಾಗಿ 2024ರಲ್ಲಿ ಚಾದರ್‌ಘಾಟ್ ಮೊದಲಾದ ಕಡೆ ಮನೆಗಳ ಗೋಡೆಗಳಿಗೆ ಗುರುತು ಹಾಕಿದರು, ಕೆಲವು ಕುಟುಂಬಗಳನ್ನು ಸರ್ಕಾರವು ಕಟ್ಟಿಸಿದ ಬೇರೆ ಮನೆಗಳಿಗೆ ಸಾಗಿಸಿದರು, ಹಲವರು ಪ್ರತಿಭಟಿಸಿದರು. ಯೋಜನೆ ಬೇಕೆಂಬುವರ ಮಾತಿನಲ್ಲಿಯೂ ಸತ್ಯವಿದೆ, ಏಕೆಂದರೆ ನದಿಪಾತ್ರದಲ್ಲಿ ವಾಸ ಮಾಡುವುದು ಅಪಾಯವೇ. ಮನೆ ಬಿಡಲಾರೆವು ಎಂಬುವರ ಮಾತಿನಲ್ಲಿಯೂ ಸತ್ಯವಿದೆ, ಏಕೆಂದರೆ ದೂರದ ಹೊಸ ಮನೆಯ ಹತ್ತಿರ ಹಳೆಯ ಕೂಲಿ ಸಿಕ್ಕುವುದಿಲ್ಲ. ಊರು ಬಿಟ್ಟು ಬಂದು, ಬಾಡಿಗೆಯ ಮನೆಯಿಂದ ಬಾಡಿಗೆಯ ಮನೆಗೆ ಸಾಮಾನು ಸಾಗಿಸಿದ ನಮ್ಮಂಥ ಕುಟುಂಬಗಳಿಗೆ ಆ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ.

1909ರ ಕ್ರಮವು ಈಗಲೂ ವಿಚಾರಯೋಗ್ಯವಾಗಿದೆ. ಮೊದಲು ಮೇಲ್ಗಡೆಯ ಕೆರೆ ಜಲಾಶಯಗಳ ರಕ್ಷಣೆ. ಬಳಿಕ ಕೊಳೆನೀರಿನ ವ್ಯವಸ್ಥೆ. ಆಮೇಲೆ ಕಮಾನು, ತೋಟ, ಅಂಗಡಿ. ಇವುಗಳ ಜೊತೆಗೆ, ಎಬ್ಬಿಸಿದ ಪ್ರತಿಯೊಂದು ಸಂಸಾರಕ್ಕೂ ದುಡಿಮೆಯ ಸಮೀಪದಲ್ಲಿ ನೆಲೆ. ಈ ಕ್ರಮವನ್ನು ತಿರುಗುಮುರುಗು ಮಾಡಿದ ಊರಿಗೆ ಮಳೆಗಾಲವು ಬಂದು ಲೆಕ್ಕ ಕೇಳುತ್ತದೆ. 2020ರ ಅಕ್ಟೋಬರಿನ ಮಳೆಯಲ್ಲಿ ಕೆರೆಗಳು ತುಂಬಿ ಹರಿದು ಬಡಾವಣೆಗಳೇ ಮುಳುಗಿದ್ದನ್ನು ನಾವೆಲ್ಲರೂ ಕಂಡಿದ್ದೇವೆ.

ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತರತ್ನ ದೊರೆಯಿತು. ನೂರು ವರ್ಷಗಳ ತುಂಬು ಬಾಳನ್ನು ಬಾಳಿ, 1962ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು. ಅವರ ಸಮಾಧಿಯು ಮುದ್ದೇನಹಳ್ಳಿಯಲ್ಲಿದೆ. ಅಲ್ಲಿಗೆ ಹೋಗಲು ಎಲ್ಲರಿಗೂ ಅನುಕೂಲವಾಗಲಾರದು. ಗಂಡಿಪೇಟೆಯಾದರೋ ಭಾನುವಾರದ ಒಂದು ಪ್ರಯಾಣದಷ್ಟೇ ದೂರ. ಸಂಘದ ಬಾಂಧವರು ಮಕ್ಕಳನ್ನು ಆ ಕಟ್ಟೆಯ ಮೇಲೆ ನಿಲ್ಲಿಸಿ, ಒಂದು ಕಡೆ ನಿಂತ ನೀರನ್ನೂ ಇನ್ನೊಂದು ಕಡೆ ಊರು ಇರುವ ದಿಕ್ಕನ್ನೂ ತೋರಿಸಿ, ಇದನ್ನು ಇಲ್ಲಿ ಕಟ್ಟಬೇಕೆಂದು ಹೇಳಿದವರು ನಮ್ಮವರು ಎಂದು ತಿಳಿಸಿದರೆ, ರಾಜ್ಯೋತ್ಸವದ ದಿನ ಅವರ ಚಿತ್ರಕ್ಕೆ ಹಾಕುವ ಹೂಮಾಲೆಗೆ ಅರ್ಥ ಬಂದೀತು.