ಬುಧವಾರದ ಪೇಪರ್ ಓಡಲೆಂದು ಹುಟ್ಟಿದ ಕಪ್: ಪತ್ರಕರ್ತ ಗೇಬ್ರಿಯಲ್ ಹಾನೋ ಕಥೆ

ಸಂತೆ ದಿನ ಬಿಟ್ಟರೆ ಗಿರಾಕಿ ಇಲ್ಲ ಅನ್ನೋ ಗೋಳು ತಾಲ್ಲೂಕಿನ ಅಂಗಡಿಯವರಿಗೆ ಹೊಸದೇನಲ್ಲ. 1950ರ ದಶಕದಲ್ಲಿ ಪ್ಯಾರಿಸ್‌ನ ಕ್ರೀಡಾ ದಿನಪತ್ರಿಕೆ 'ಲೆಕಿಪ್'ಗೂ ಇಂಥದ್ದೇ ತಲೆನೋವು. ಫುಟ್‌ಬಾಲ್ ಪಂದ್ಯ ನಡೆಯುತ್ತಿದ್ದುದು ವಾರದ ಕೊನೆಗೆ. ಸೋಮವಾರದ ಪೇಪರ್‌ಗೆ ಬೇಡಿಕೆ ಇತ್ತು, ವಾರದ ಮಧ್ಯೆ ಓದುಗರಿಗೆ ಕೊಡಲು ದೊಡ್ಡ ಸುದ್ದಿಯೇ ಇರುತ್ತಿರಲಿಲ್ಲ. ಈ ಕೊರತೆ ತುಂಬಲು ಹೊರಟ ಸಂಪಾದಕ ಗೇಬ್ರಿಯಲ್ ಹಾನೋ ಹುಟ್ಟುಹಾಕಿದ್ದೇ ಯುರೋಪಿಯನ್ ಕಪ್. ಇವತ್ತು ಹುಡುಗರು ರಾತ್ರಿ ನಿದ್ದೆಗೆಟ್ಟು ಮೊಬೈಲ್‌ನಲ್ಲಿ ನೋಡುವ ಚಾಂಪಿಯನ್ಸ್ ಲೀಗ್ ಅಂದರೆ ಅದೇ.

ಹಾನೋ ಬರೀ ಪೆನ್ನು ಹಿಡಿದವರಲ್ಲ. 1889ರಲ್ಲಿ ಉತ್ತರ ಫ್ರಾನ್ಸ್‌ನ ಅರಾಸ್‌ನಲ್ಲಿ ಹುಟ್ಟಿದ ಅವರು ಟೂರ್ಕ್ವಾನ್ ತಂಡದಲ್ಲಿ ಆಡಿ ಬೆಳೆದರು. ಜರ್ಮನಿಯಲ್ಲಿದ್ದಾಗ ಅಲ್ಲಿನ ಮ್ಯೂನ್‌ಸ್ಟರ್ ಕ್ಲಬ್‌ಗೂ ಆಡಿದರು. 1908ರಿಂದ 1919ರ ನಡುವೆ ಫ್ರಾನ್ಸ್ ತಂಡದ ಪರ 12 ಪಂದ್ಯ. ಮಧ್ಯದಲ್ಲಿ ಮೊದಲ ಮಹಾಯುದ್ಧ ಬಂತು. ಕೊನೆಗೆ ವಿಮಾನ ಅಪಘಾತವೊಂದು ಅವರ ಆಟಕ್ಕೆ ಮುಕ್ತಾಯ ಹಾಡಿತು. ಆಮೇಲೆ ಪತ್ರಿಕೆಗೆ ಬಂದರು.

ಆಟಗಾರರಿಗೆ ಕದ್ದುಮುಚ್ಚಿ ದುಡ್ಡು ಕೊಡುವ ಬದಲು ನೇರವಾಗಿ ಸಂಬಳ ಕೊಡಬೇಕು ಅಂತ ವಾದಿಸಿದವರಲ್ಲಿ ಹಾನೋ ಮುಂಚೂಣಿಯಲ್ಲಿದ್ದರು. ಫ್ರಾನ್ಸ್‌ನಲ್ಲಿ ವೃತ್ತಿಪರ ಲೀಗ್ ಶುರುವಾಗಿದ್ದು 1932ರಲ್ಲಿ.

ಅವರ ಬದುಕಿನ ಅತ್ಯಂತ ವಿಚಿತ್ರ ಪ್ರಸಂಗ 1949ರದು. ಆಗ ಅವರು ಎರಡು ಕೆಲಸ ಮಾಡುತ್ತಿದ್ದರು. ಒಂದು ಕಡೆ ಪತ್ರಕರ್ತ, ಇನ್ನೊಂದು ಕಡೆ ಫ್ರಾನ್ಸ್ ತಂಡದ ಹೊಣೆ ಹೊತ್ತವರು. ಆ ವರ್ಷ ಜೂನ್‌ನಲ್ಲಿ ಸ್ಪೇನ್ ಎದುರು ಫ್ರಾನ್ಸ್ ತನ್ನದೇ ನೆಲದಲ್ಲಿ 1-5ರಿಂದ ಸೋತಿತು. ತಂಡದ ಮುಖ್ಯಸ್ಥನನ್ನು ಕಿತ್ತುಹಾಕಬೇಕು ಅಂತ ಲೆಕಿಪ್‌ನಲ್ಲಿ ಹೆಸರಿಲ್ಲದ ಲೇಖನವೊಂದು ಬಂತು. ಬರೆದವರು ಸ್ವತಃ ಹಾನೋ! ಬಳಿಕ ರಾಜೀನಾಮೆ ಕೊಟ್ಟು ಹೊರಬಂದರು. ತನ್ನ ಮೇಲೇ ಸುದ್ದಿ ಬರೆದು ತನ್ನ ಕುರ್ಚಿಯನ್ನೇ ಕಳೆದುಕೊಂಡ ಪತ್ರಕರ್ತ ಬೇರೆ ಸಿಗುವುದು ಕಷ್ಟ. ಹೆಸರು ಹಾಕಿಯೇ ಬರೆಯಬಹುದಿತ್ತಲ್ಲ ಅನ್ನುವ ಪ್ರಶ್ನೆಯೂ ಏಳುತ್ತದೆ, ಅದು ಬೇರೆ ಮಾತು.

ಕಪ್‌ನ ಕಥೆ ಶುರುವಾಗಿದ್ದು ಇಂಗ್ಲೆಂಡ್‌ನಲ್ಲಿ. 1954ರ ಡಿಸೆಂಬರ್ 13ರ ರಾತ್ರಿ ವೋಲ್ವರ್‌ಹ್ಯಾಂಪ್ಟನ್ ಕ್ಲಬ್ ತನ್ನ ಮೈದಾನದಲ್ಲಿ, ದೀಪದ ಬೆಳಕಲ್ಲಿ, ಹಂಗೇರಿಯ ಹಾನ್ವೆಡ್ ತಂಡವನ್ನು ಎದುರಿಸಿತು. ಪುಷ್ಕಾಶ್, ಕೊಚಿಶ್‌ರಂಥ ದಿಗ್ಗಜರಿದ್ದ ತಂಡ ಅದು. ಹಿಂದಿನ ವರ್ಷವಷ್ಟೇ ಈ ಆಟಗಾರರಿದ್ದ ಹಂಗೇರಿ ಇಂಗ್ಲೆಂಡನ್ನು ಅದರ ಮನೆಯಲ್ಲೇ 6-3ರಿಂದ ಬಗ್ಗುಬಡಿದಿತ್ತು. ಈ ಸಲ ವೋಲ್ವ್ಸ್ ಮ್ಯಾನೇಜರ್ ಮೈದಾನಕ್ಕೆ ಮೊದಲೇ ಚೆನ್ನಾಗಿ ನೀರು ಬಿಡಿಸಿದ್ದರು. ಕೆಸರಿನಲ್ಲಿ ಹಂಗೇರಿಯವರ ಸಣ್ಣ ಸಣ್ಣ ಪಾಸ್ ನಡೆಯಲಿಲ್ಲ. 0-2 ಹಿಂದಿದ್ದ ವೋಲ್ವ್ಸ್ 3-2ರಿಂದ ಗೆದ್ದಿತು. ಮರುದಿನ ಇಂಗ್ಲಿಷ್ ಪತ್ರಿಕೆಗಳು ವೋಲ್ವ್ಸ್‌ಗೆ ವಿಶ್ವ ಚಾಂಪಿಯನ್ ಪಟ್ಟವನ್ನೇ ಕಟ್ಟಿಬಿಟ್ಟವು.

ಹಾನೋಗೆ ಇದು ಒಪ್ಪಿಗೆಯಾಗಲಿಲ್ಲ. ಮನೆಯಂಗಳದಲ್ಲಿ ಗೆದ್ದವರು ಬುಡಾಪೆಸ್ಟ್‌ಗೂ ಮಾಸ್ಕೋಗೂ ಹೋಗಿ ಗೆದ್ದು ತೋರಿಸಲಿ, ಮಿಲಾನ್, ಮ್ಯಾಡ್ರಿಡ್ ಕ್ಲಬ್‌ಗಳೂ ಇವೆಯಲ್ಲ ಅನ್ನುವುದು ಅವರ ವಾದ. ಎರಡು ಮೂರು ದಿನದಲ್ಲೇ ಲೆಕಿಪ್‌ನಲ್ಲಿ ಯುರೋಪಿನ ಕ್ಲಬ್‌ಗಳಿಗೊಂದು ಕಪ್ ಬೇಕೆಂಬ ಪ್ರಸ್ತಾವ ಅಚ್ಚಾಯಿತು. ಪಂದ್ಯಗಳು ಬುಧವಾರ ರಾತ್ರಿ, ದೀಪದ ಬೆಳಕಲ್ಲಿ, ಟಿವಿಯಲ್ಲೂ ಬರಬೇಕು ಅಂತ. ಅವರ ಸಹೋದ್ಯೋಗಿ ಜಾಕ್ ಫೆರಾನ್ 1948ರಲ್ಲಿ ಚಿಲಿಯಲ್ಲಿ ನಡೆದ ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್‌ಗಳ ಟೂರ್ನಿಯನ್ನು ನೋಡಿಕೊಂಡು ಬಂದಿದ್ದರು. ಅಲ್ಲಿ ಆಗಿದ್ದು ಇಲ್ಲೇಕೆ ಆಗಬಾರದು ಅನ್ನುವ ಧೈರ್ಯ ಅಲ್ಲಿಂದಲೂ ಬಂದಿತ್ತು.

ಯುರೋಪ್ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ ಹುಟ್ಟಿ ಆಗಿನ್ನೂ ವರ್ಷವೂ ತುಂಬಿರಲಿಲ್ಲ, ಕ್ಲಬ್ ಕಪ್ ಬಗ್ಗೆ ಅದು ಉತ್ಸಾಹ ತೋರಲಿಲ್ಲ. ಹಾಗಾಗಿ ಪತ್ರಿಕೆಯೇ 1955ರ ಏಪ್ರಿಲ್‌ನಲ್ಲಿ ಕ್ಲಬ್‌ಗಳನ್ನು ಪ್ಯಾರಿಸ್‌ಗೆ ಕರೆದು ಸಭೆ ನಡೆಸಿತು. ರಿಯಲ್ ಮ್ಯಾಡ್ರಿಡ್‌ನ ಸ್ಯಾಂಟಿಯಾಗೊ ಬೆರ್ನಬ್ಯೂ ಮುಂದೆ ನಿಂತರು. ಮೇ ತಿಂಗಳಲ್ಲಿ ಫಿಫಾ ಒಪ್ಪಿತು, ಯುಇಎಫ್‌ಎಯೇ ನಡೆಸಲಿ ಅಂದಿತು. ಕಪ್ ಮಾತ್ರ ಲೆಕಿಪ್ ಕೊಟ್ಟಿದ್ದು. ಇದೇ ಪತ್ರಿಕೆಯ ಹಿಂದಿನ ಅವತಾರವಾದ 'ಲೋಟೊ' 1903ರಲ್ಲಿ ಮಾರಾಟ ಹೆಚ್ಚಿಸಲೆಂದೇ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಶುರು ಮಾಡಿತ್ತು. ವ್ಯಾಪಾರದ ಈ ಪಟ್ಟು ಮನೆಗೆ ಹೊಸದಲ್ಲ.

ಮೊದಲ ವರ್ಷ 16 ತಂಡಗಳು. ಪ್ರತಿ ಜೋಡಿಯೂ ಎರಡು ಪಂದ್ಯ ಆಡಬೇಕು, ಒಂದು ಇವರ ಊರಲ್ಲಿ, ಇನ್ನೊಂದು ಅವರ ಊರಲ್ಲಿ. ಎರಡರ ಗೋಲು ಕೂಡಿಸಿ ಯಾರು ಮುಂದೋ ಅವರು ಮುಂದಿನ ಸುತ್ತಿಗೆ. ಸಮವಾದರೆ ಬೇರೆ ಊರಲ್ಲಿ ಮೂರನೇ ಪಂದ್ಯ. ಫೈನಲ್ ಒಂದೇ. 2016ರ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಮಲೇಷ್ಯಾದ ಜೊಹೊರ್‌ಗೆ ಹೋಗಿ 1-1 ಮಾಡಿಕೊಂಡು ಬಂದು, ಕಂಠೀರವದಲ್ಲಿ 3-1ರಿಂದ ಗೆದ್ದು ಫೈನಲ್‌ಗೆ ಹೋಗಿದ್ದು ನೆನಪಿದ್ದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಹಾನೋ ವಾದ ಎಷ್ಟು ಸರಿ ಅನ್ನುವುದು ಮೊದಲ ವರ್ಷವೇ ಗೊತ್ತಾಯಿತು. ರಿಯಲ್ ಮ್ಯಾಡ್ರಿಡ್ ತನ್ನೂರಲ್ಲಿ ಪಾರ್ಟಿಜಾನ್ ತಂಡವನ್ನು 4-0ರಿಂದ ಸೋಲಿಸಿ ಹಾಯಾಗಿತ್ತು. ಬೆಲ್‌ಗ್ರೇಡ್‌ನ ಹಿಮದಲ್ಲಿ ಅದೇ ತಂಡದ ಕೈಲಿ 0-3ರಿಂದ ಹೊಡೆತ ತಿಂದು, ಒಂದೇ ಗೋಲಿನ ಅಂತರದಲ್ಲಿ ಉಳಿದುಕೊಂಡಿತು. ಮನೆಯಲ್ಲಿ ಹುಲಿ, ಹೊರಗೆ ಇಲಿ.

ತಮಾಷೆ ಅಂದರೆ, ಯಾರ ಬಡಾಯಿಯಿಂದ ಇಷ್ಟೆಲ್ಲ ಆಯ್ತೋ ಆ ಇಂಗ್ಲೆಂಡೇ ಮೊದಲ ವರ್ಷ ಬರಲಿಲ್ಲ. ಆಗಿನ ಚಾಂಪಿಯನ್ ಚೆಲ್ಸಿಗೆ ಕರೆ ಹೋಗಿತ್ತು. ಅಲ್ಲಿನ ಲೀಗ್ ಮಂಡಳಿ ಒತ್ತಡ ಹಾಕಿ ತಡೆಯಿತು. ಬದಲಿಗೆ ಪೋಲೆಂಡ್‌ನ ತಂಡವೊಂದು ಬಂತು.

ಮೊದಲ ಪಂದ್ಯ 1955ರ ಸೆಪ್ಟೆಂಬರ್ 4ರಂದು ಲಿಸ್ಬನ್‌ನಲ್ಲಿ ನಡೆಯಿತು, ಅದೂ ಭಾನುವಾರ! ಫೈನಲ್ ಮಾತ್ರ ಬುಧವಾರವೇ, 1956ರ ಜೂನ್ 13ಕ್ಕೆ ಪ್ಯಾರಿಸ್‌ನಲ್ಲಿ. ಫ್ರಾನ್ಸ್‌ನ ರೀಮ್ಸ್ ಹತ್ತೇ ನಿಮಿಷದಲ್ಲಿ 2-0 ಮುಂದಿತ್ತು. ಕೊನೆಗೆ ಗೆದ್ದಿದ್ದು ರಿಯಲ್ ಮ್ಯಾಡ್ರಿಡ್, 4-3. ಮೊದಲ ಐದೂ ಕಪ್ ಅವರೇ ಒಯ್ದರು. ಅದೇ 1956ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿಓರ್ ಕೂಡ ಹಾನೋ ಮತ್ತು ಸಂಗಡಿಗರಿಂದಲೇ ಶುರುವಾಯಿತು. ಮೊದಲ ಸಲ ಪಡೆದವರು 41 ವರ್ಷದ ಸ್ಟ್ಯಾನ್ಲಿ ಮ್ಯಾಥ್ಯೂಸ್.

ವಾರದ ಮಧ್ಯೆ ಪರದೇಶ, ಶನಿವಾರ ಮತ್ತೆ ಊರಲ್ಲಿ ಲೀಗ್ ಪಂದ್ಯ. ಈ ಓಡಾಟಕ್ಕೆ ಬೆಲೆಯೂ ತೆರಬೇಕಾಯಿತು. 1958ರ ಫೆಬ್ರುವರಿ 6ರಂದು ಬೆಲ್‌ಗ್ರೇಡ್‌ನಲ್ಲಿ ಆಡಿ ವಾಪಸಾಗುತ್ತಿದ್ದ ಮ್ಯಾಂಚೆಸ್ಟರ್ ಯುನೈಟೆಡ್‌ನ ಬಾಡಿಗೆ ವಿಮಾನ ಮ್ಯೂನಿಕ್‌ನಲ್ಲಿ ಮೇಲೇಳಲಾಗದೆ ಅಪ್ಪಳಿಸಿತು. ಸತ್ತವರು 23 ಮಂದಿ. ಅದರಲ್ಲಿ 8 ಆಟಗಾರರು, 8 ಪತ್ರಕರ್ತರು. ಹತ್ತು ವರ್ಷದ ಬಳಿಕ, 1968ರ ಮೇ ತಿಂಗಳಲ್ಲಿ ಯುನೈಟೆಡ್ ಅದೇ ಕಪ್ ಗೆದ್ದಿತು. ಆ ವರ್ಷದ ಆಗಸ್ಟ್‌ನಲ್ಲಿ ಹಾನೋ ತೀರಿಕೊಂಡರು.

1992ರಲ್ಲಿ ಕಪ್‌ಗೆ ಚಾಂಪಿಯನ್ಸ್ ಲೀಗ್ ಅಂತ ಹೆಸರಾಯಿತು. ಕೆಲವೇ ವರ್ಷದಲ್ಲಿ ಚಾಂಪಿಯನ್ ಅಲ್ಲದ ಶ್ರೀಮಂತ ಕ್ಲಬ್‌ಗಳೂ ಒಳಬಂದವು. 2024ರಿಂದ 36 ತಂಡ, ಒಂದೇ ಪಟ್ಟಿ, ಪ್ರತಿ ತಂಡಕ್ಕೂ 8 ಪಂದ್ಯ. ನಾಲ್ಕು ಮನೆಯಲ್ಲಿ, ನಾಲ್ಕು ಹೊರಗೆ, ಎಂಟೂ ಬೇರೆ ಬೇರೆ ಎದುರಾಳಿ. ಅಂದರೆ ಈ ಹಂತದಲ್ಲಿ ಮನೆಯಲ್ಲಿ ಸೋಲಿಸಿದವರ ಊರಿಗೆ ಹೋಗಿ ಮತ್ತೆ ಆಡುವ ಗೋಜಿಲ್ಲ. ವೋಲ್ವ್ಸ್‌ಗೆ ಹಾನೋ ಹಾಕಿದ ಆ ಸವಾಲು ಈಗ ನಾಕೌಟ್ ಸುತ್ತುಗಳಲ್ಲಿ ಮಾತ್ರ ಉಳಿದಿದೆ.